ನಿಂತದ್ದಲ್ಲ, ನಿಲ್ಲಿಸಿದ್ದು

ನಮ್ಮ ಮನೆ, ನಿಮ್ಮ ಕೋಣೆ
ಹತ್ತೊಂಬತ್ತನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ, ನಿಮ್ಮ ಸೊಸೆಯ ನಮಸ್ಕಾರ.

ಪತ್ರ ನೋಡಿ ಗಾಬರಿಯಾಗಬೇಡಿ. ಇಲ್ಲಿ ಎಲ್ಲರೂ ಬದುಕಿದ್ದೇವೆ, ಚೆನ್ನಾಗಿಯೇ ಇದ್ದೇವೆ. ಫೋನು ಇರುವಾಗ ಇವಳು ಕಾಗದ ಯಾಕೆ ಬರೆದಳು ಅಂತ ನೀವು ಈಗ ಕನ್ನಡಕ ಹುಡುಕುತ್ತಿರುತ್ತೀರಿ. ತಲೆಯ ಮೇಲೆ ಕೈಯಾಡಿಸಿ, ಅಲ್ಲೇ ಇರುತ್ತದೆ. ಮೊದಲು ನಿಮ್ಮ ಮಂಡಿನೋವು ಹೇಗಿದೆ ತಿಳಿಸಿ. ನಾದಿನಿಯ ಮನೆಯ ಮೆಟ್ಟಿಲು ಕಡಿದಾಗಿದೆ, ಕೈಹಿಡಿ ಬೇರೆ ಅಲ್ಲಾಡುತ್ತದೆ. ಬಾಣಂತಿಯನ್ನು ನೋಡಿಕೊಳ್ಳಲು ಹೋದವರು ನೀವೇ ಹಾಸಿಗೆ ಹಿಡಿದರೆ ಅವಳು ಯಾರನ್ನು ನೋಡಿಕೊಳ್ಳಬೇಕು? ಮಗು ರಾತ್ರಿ ನಿದ್ದೆ ಕೊಡುತ್ತಿದೆಯಾ? ಅದರ ಮೂಗು ನಿಮ್ಮದೇ ಅಂತ ನೀವು, ತನ್ನ ಗಂಡನದು ಅಂತ ನಾದಿನಿ; ಫೋಟೋ ನೋಡಿದರೆ ನನಗೆ ಇನ್ನೂ ಯಾರದ್ದೂ ಆಗದ ಮೂಗಿನ ಹಾಗೆ ಕಾಣುತ್ತದೆ. ಇನ್ನೊಂದು ವಿಷಯ. ಕಿವಿಯ ಮಷೀನು ಕಿವಿಯಲ್ಲಿದೆಯೋ, ಡಬ್ಬಿಯಲ್ಲಿದೆಯೋ? ಇದನ್ನು ಸುಮ್ಮನೆ ಕೇಳುತ್ತಿಲ್ಲ, ಕಾರಣ ಮುಂದೆ ಬರುತ್ತದೆ.

ನಿಮ್ಮ ಕೋಣೆಯಲ್ಲಿ, ನಿಮ್ಮ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಕಿಟಕಿಯ ಗಿಡಗಳಿಗೆ ನಿಮ್ಮ ಮಗನೇ ನೀರು ಹಾಕುತ್ತಾರೆ. ಎರಡು ಗಿಡ ಅತಿಯಾದ ಪ್ರೀತಿಗೆ ಕೊಳೆತುಹೋದವು, ಒಂದು ಹೇಗೋ ತಡೆದುಕೊಂಡಿದೆ. ನಿಮ್ಮ ಮಂಚದ ಪಕ್ಕದಲ್ಲಿ ಈಗ ಒಂದು ತೊಟ್ಟಿಲಿದೆ. ಮರದ್ದು, ಹಳೆಯದು, ಒಂದು ಕಾಲಿಗೆ ಕಾಗದ ಮಡಿಸಿ ಕೊಟ್ಟರೆ ಅಲ್ಲಾಡುವುದಿಲ್ಲ. ಕೆಳಗಿನ ಮನೆಯ ಟೀಚರಮ್ಮ ಕಳೆದ ವಾರ ಇದನ್ನು ತಾವೇ ಮೆಟ್ಟಿಲು ಹತ್ತಿಸಿ ತಂದರು. ನಾನು ಬಾಗಿಲು ತೆಗೆದಾಗ ಏದುಸಿರು ಬಿಡುತ್ತಾ ನಿಂತಿದ್ದರು. "ನಿಮ್ಮ ಅತ್ತೆ ಫೋನ್ ಮಾಡಿ ಹೇಳಿದ್ರು, ನನ್ನ ಮೊಮ್ಮಗಂದು, ಇನ್ನು ನಮಗೆ ಬೇಡ" ಎಂದು ನನ್ನ ಗಲ್ಲ ಮುಟ್ಟಿದರು. ಅಷ್ಟು ಭಾರ ಹೊತ್ತು ಬಂದವರಿಗೆ ವಾಪಸ್ ತೆಗೆದುಕೊಂಡು ಹೋಗಿ ಅನ್ನಲು ಹೇಗೆ ಸಾಧ್ಯ? ಸದ್ಯಕ್ಕೆ ಅದರಲ್ಲಿ ನಾನು ಅಂಗಡಿಯಲ್ಲಿ ಹೊಲಿಯುವ ಕೋಟುಗಳ ಅಳತೆ ಕಾಗದಗಳನ್ನು ಸುತ್ತಿ ಇಟ್ಟಿದ್ದೇನೆ. ಚೆನ್ನಾಗಿ ಹಿಡಿಸುತ್ತವೆ.

ಅತ್ತೆ, ತೊಟ್ಟಿಲಿಗೆ ಮಗು ಇಲ್ಲ. ಸುತ್ತಿ ಬಳಸಿ ಹೇಳಲು ಹೊರಟಿದ್ದೆ, ಆಗಲಿಲ್ಲ. ನಾನು ಬಸುರಿಯಲ್ಲ. ಆ ದಿನ ಫೋನಿನಲ್ಲಿ ನಾನು ಹೇಳಿದ್ದು ಒಂದು, ನೀವು ಕೇಳಿಸಿಕೊಂಡದ್ದು ಇನ್ನೊಂದು. ಇಷ್ಟು ಓದಿ ನೀವು ಕಾಗದ ಕೆಳಗಿಡುತ್ತೀರಿ ಅಂತ ಗೊತ್ತು. ಇಡಿ, ನೀರು ಕುಡಿಯಿರಿ, ಆಮೇಲೆ ಮುಂದಕ್ಕೆ ಓದಿ.

ಆದದ್ದು ಇಷ್ಟು. ನನಗೆ ತಿಂಗಳಿಗೊಂದು ಇಂಜೆಕ್ಷನ್ ಕೊಡುತ್ತಿದ್ದಾರೆ ಅಂತ ನಿಮಗೆ ಹೇಳಿದ್ದೆ, ಯಾಕೆ ಅಂತ ಸರಿಯಾಗಿ ಹೇಳಿರಲಿಲ್ಲ. ಎರಡನೆಯದು ಆದ ಮೇಲೆ ಬರಬೇಕಾದ ಮುಟ್ಟು ಬರಲಿಲ್ಲ. ಬರಬಾರದು ಅಂತಲೇ ಕೊಟ್ಟ ಔಷಧಿ ಅದು. ಹದಿಮೂರನೇ ವಯಸ್ಸಿನಿಂದ ನಾನು ಆ ದಿನಗಳನ್ನು ಹಲ್ಲು ಕಚ್ಚಿಕೊಂಡು ಕಳೆದವಳು. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಒಂದು ಮೂಲೆಯ ಬಣ್ಣ ಹೋಗಿದೆ, ನಾನು ಹಿಡಿದುಕೊಳ್ಳುವ ಮೂಲೆ ಅದು. ಆ ದಿನ ಊಟದ ಹೊತ್ತಿಗೆ ಇದ್ದಕ್ಕಿದ್ದಂತೆ ನೆನಪಾಯಿತು, ಬೆಳಗ್ಗೆಯಿಂದ ಮೇಜು ಹಿಡಿದೇ ಇಲ್ಲ. ನೋವಿಲ್ಲದೆ ಇರುವುದು ಅಂದರೆ ಹೀಗಿರುತ್ತದಾ ಅಂತ ಆಶ್ಚರ್ಯವಾಯಿತು. ಉಳಿದ ಹೆಂಗಸರೆಲ್ಲ ಇಷ್ಟು ಹಗುರಾಗಿ ಓಡಾಡುತ್ತಿದ್ದರಾ ಅಂತ ಹೊಟ್ಟೆಕಿಚ್ಚೂ ಆಯಿತು. ಮೊದಲು ನಿಮ್ಮ ಮಗನಿಗೆ ಫೋನ್ ಮಾಡಿ, "ರೀ, ನಿಂತಿದೆ" ಅಂದೆ. ಲಿಫ್ಟ್ ರಿಪೇರಿಯವರಿಗೆ ದಿನಕ್ಕೆ ಹತ್ತು ಜನ ಫೋನ್ ಮಾಡಿ ಹೇಳುವುದೇ ಆ ಮಾತು. ನನ್ನ ದನಿ ಕೂಡ ಗುರುತಿಸದೆ, "ಯಾವ ಬಿಲ್ಡಿಂಗು? ಒಳಗೆ ಯಾರಾದ್ರೂ ಇದ್ದಾರಾ?" ಅಂದರು. ನಾನು ನಗುತ್ತಾ ಯಾರೂ ಇಲ್ಲ ಅಂದೆ. ಅಂದ ಮೇಲೆ ಆ ಮಾತು ನನ್ನನ್ನೇ ಚುಚ್ಚಿತು. ಅದಕ್ಕೇ ನಿಮಗೆ ಫೋನ್ ಮಾಡುವಷ್ಟರಲ್ಲಿ ದನಿ ಒಡೆದಿತ್ತು. ಹಿಂದೆ ಹೊಲಿಗೆ ಮಷೀನುಗಳ ಸದ್ದು, ನಿಮ್ಮ ಕಡೆ ಮಗುವಿನ ಅಳು. ನಾನು ಅಳುತ್ತಾ "ಅತ್ತೆ, ನಿಂತಿದೆ" ಅಂದೆ. "ನಿಂತಿದೆಯಾ? ನಿಜವಾಗ್ಲೂ?" ಅಂದಿರಿ. "ಹೂಂ ಅತ್ತೆ, ನಿಂತಿದೆ" ಅಂದೆ. ಅಷ್ಟೇ. ನೀವು ನಾದಿನಿಯನ್ನು ಕೂಗಿದ್ದು ನನಗೂ ಕೇಳಿಸಿತು, ಆಮೇಲೆ ಲೈನು ಹೋಯಿತು.

ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನೆಲ್ಲ ಸರಿಯಾದ ಕಡೆಗೆ ಜೋಡಿಸಿಕೊಟ್ಟವರು ನೀವು. ಸ್ವಂತ ಸೊಸೆಯ ಒಂದೇ ಒಂದು ಮಾತನ್ನು ತಪ್ಪು ನಂಬರಿಗೆ ಜೋಡಿಸಿಬಿಟ್ಟಿರಲ್ಲ! ನಿಮ್ಮ ತಪ್ಪೂ ಅಲ್ಲ ಬಿಡಿ. ಮದುವೆಯಾದ ಹೆಂಗಸು ಅಳುತ್ತಾ ಫೋನ್ ಮಾಡಿ ನಿಂತಿದೆ ಅಂದರೆ ನಮ್ಮ ಭಾಷೆಯಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ. ನಾನೇ ಎಚ್ಚರವಾಗಿರಬೇಕಿತ್ತು.

ಅದೇ ಸಂಜೆ ಸರಿಮಾಡಬಹುದಿತ್ತು. ಆದರೆ ನೀವು ಫೋನ್ ಮಾಡಿದಾಗ ಸಿಕ್ಕಿದ್ದು ನಿಮ್ಮ ಮಗ. ನಿಮ್ಮ ದನಿಯಲ್ಲಿದ್ದ ಸಂತೋಷ ಕೇಳಿ ಅವರು "ಹೂಂ ಅಮ್ಮ" ಅಂದುಬಿಟ್ಟರು. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವರಿಗೆ ಹೊರಗಿನಿಂದ ಧೈರ್ಯ ಹೇಳುವ ಮನುಷ್ಯ, ಅಮ್ಮನಿಗೆ ಒಂದು "ಇಲ್ಲ" ಹೇಳಲು ಆಗಲಿಲ್ಲ. ನಾನು ಜಗಳವಾಡಿದೆ. ಅವರು ಹೋಗಿ ಗಿಡಕ್ಕೆ ನೀರು ಹಾಕಿದರು. ಮಾರನೇ ದಿನದಿಂದ ಮನೆಯಲ್ಲಿ ಬಕೆಟ್ ಎತ್ತುವುದು ಅವರೇ. ಬಸುರಿಯಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು, ಆದರೂ ಎತ್ತುತ್ತಾರೆ. ಅಂಗಡಿಯ ಮಾಸ್ಟರಿಗೂ ಟೀಚರಮ್ಮನಿಂದ ಸುದ್ದಿ ತಲುಪಿ, ಅವರು ನನಗೆಂದೇ ಒಂದು ಎತ್ತರದ ಕುರ್ಚಿ ತಂದು ಹಾಕಿ, ಇನ್ನು ನಿಂತು ಕೆಲಸ ಮಾಡಬಾರದು ಅಂತ ಅಪ್ಪಣೆ ಮಾಡಿದ್ದಾರೆ. ಇಷ್ಟು ವರ್ಷ ನೋವಿನಲ್ಲಿ ನಿಂತೇ ಕೆಲಸ ಮಾಡಿದೆ, ಆಗ ಯಾರಿಗೂ ಕುರ್ಚಿ ನೆನಪಾಗಲಿಲ್ಲ. ಈಗ ನೋವಿಲ್ಲ, ಕುರ್ಚಿ ಇದೆ! ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ಗಾದೆ. ಇಲ್ಲಿ ಕೂಸಿನ ಸುಳಿವೇ ಇಲ್ಲ, ನೀವು ಆಗಲೇ ಹಳದಿ ಉಲ್ಲನ್ ತರಿಸಿ ಕುಲಾವಿ ಹೆಣೆಯಲು ಕೂತಿದ್ದೀರಂತೆ. ನಾದಿನಿ ಫೋಟೋ ಕಳಿಸಿದ್ದಾಳೆ. ಆ ಫೋಟೋ ನೋಡಿದ ಮೇಲೆಯೇ ಇನ್ನು ತಡಮಾಡಿದರೆ ನಾನು ಮನುಷ್ಯಳಲ್ಲ ಅನ್ನಿಸಿ ಈ ಕಾಗದ ಹಿಡಿದೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಕಾಯಿಲೆಗೆ ಒಂದು ಹೆಸರಿದೆ, ಅಡಿನೋಮಯೋಸಿಸ್. ಬಿಡಿಸಿ ಓದಿ, ನಾಲ್ಕು ಸಲ ಹೇಳಿದರೆ ನಾಲಿಗೆಗೆ ಕೂರುತ್ತದೆ. ಇಷ್ಟು ವರ್ಷ ತೋರಿಸಿದ ಕಡೆಯಲ್ಲೆಲ್ಲ "ಎಲ್ಲ ಸರಿಯಾಗಿದೆ, ಟೆನ್ಷನ್ ಮಾಡ್ಕೋಬೇಡಿ" ಅಂದಿದ್ದರು. ಈ ಹೊಸ ಡಾಕ್ಟರಮ್ಮ ಸ್ಕ್ಯಾನಿನ ಪರದೆಯನ್ನು ನನ್ನ ಕಡೆಗೇ ತಿರುಗಿಸಿ ತೋರಿಸಿದರು. ಗರ್ಭಕೋಶದ ಒಳಮೈಗೆ ಒಂದು ಪದರ ಇರುತ್ತದಲ್ಲ, ತಿಂಗಳಿಗೊಮ್ಮೆ ಕಳಚಿಹೋಗುವುದು, ಅದು ನನಗೆ ಹೊರಗಿನ ದಪ್ಪ ಗೋಡೆಯೊಳಕ್ಕೂ ನುಗ್ಗಿ ಬೆಳೆದಿದೆಯಂತೆ. ನನಗೆ ತಕ್ಷಣ ಅರ್ಥವಾಯಿತು. ಕೋಟಿನ ಅಸ್ತರು ಅಸ್ತರಾಗಿ ಇರದೆ ಮೇಲಿನ ಬಟ್ಟೆಯ ಎಳೆಗಳೊಳಗೆ ಹೆಣೆದುಕೊಂಡರೆ ಹೇಗೋ ಹಾಗೆ. ತಿಂಗಳಿಗೊಮ್ಮೆ ಗೋಡೆಯೊಳಗಿನ ಆ ಚೂರುಗಳಲ್ಲೂ ರಕ್ತ ಒಸರುತ್ತದೆ, ಆಚೆ ಬರಲು ದಾರಿಯಿಲ್ಲ. ಗೋಡೆ ಊದಿಕೊಳ್ಳುತ್ತದೆ, ಹಿಂಡುತ್ತದೆ. ನೋವು ಅದರದ್ದು. ಮಗು ಹಿಡಿಯುವುದು ಕಷ್ಟವಾಗುವುದಕ್ಕೂ, ಹಿಡಿದದ್ದು ಕಳೆದುಹೋಗುವುದಕ್ಕೂ ಇದು ಕಾರಣವಾಗಬಹುದಂತೆ. ನಮ್ಮ ಆ ಎರಡು ಬಸುರೂ ಇದರಿಂದಲೇ ಹೋದವಾ ಅಂತ ಕೇಳಿದೆ. "ಇರಬಹುದು, ಖಂಡಿತವಾಗಿ ಹೇಳಲಾರೆ" ಅಂದರು. ಎಲ್ಲರಿಗೂ ಹಾಗೇ ಆಗುವುದಿಲ್ಲ, ಇದಿದ್ದೂ ಮಕ್ಕಳಾದವರು ಎಷ್ಟೋ ಜನ ಇದ್ದಾರೆ ಅಂತಲೂ ಹೇಳಿದರು.

ಕತ್ತರಿಸಿ ತೆಗೆಯಬಾರದಾ ಅಂತ ನಿಮ್ಮ ಮಗ ಕೇಳಿದರು, ಕೆಟ್ಟ ಭಾಗ ಬಿಚ್ಚಿ ಹೊಸದು ಹಾಕುವುದು ಅವರ ವೃತ್ತಿ. ಗಡ್ಡೆಯಾದರೆ ಅದಕ್ಕೆ ಅಂಚಿರುತ್ತದೆ, ಬಿಡಿಸಿ ತೆಗೆಯಬಹುದು. ಇದಕ್ಕೆ ಅಂಚೇ ಇರುವುದಿಲ್ಲ ಅಂದರು ಡಾಕ್ಟರಮ್ಮ. ಕೆಲವು ಕಡೆ ಅಂಥ ಆಪರೇಷನ್ ಮಾಡುತ್ತಾರೆ, ಆದರೆ ಹೊಲಿಗೆ ಹಾಕಿದ ಗೋಡೆ ಮುಂದೆ ಬಸುರಿನಲ್ಲಿ ಬಿರಿಯುವ ಭಯ ಇರುತ್ತದೆ. ಅಂಚಿಲ್ಲದ ಬಟ್ಟೆಗೆ ಹೊಲಿಗೆ ನಿಲ್ಲುವುದಿಲ್ಲ ಅನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೋವು ಮಾತ್ರ ಹೋಗಬೇಕೆಂದರೆ ಒಳಗೆ ಇಡುವ ಒಂದು ಸಣ್ಣ ಹಾರ್ಮೋನಿನ ಸಾಧನ ಇದೆ, ಆದರೆ ಅದಿರುವಷ್ಟು ಕಾಲ ಮಗುವಿನ ಮಾತಿಲ್ಲ. ಪೂರ್ತಿ ಮುಗಿಯಬೇಕೆಂದರೆ ಗರ್ಭಕೋಶವನ್ನೇ ತೆಗೆಸಬೇಕು. ಅಲ್ಲಿಗೆ ನೋವೂ ಮುಗಿಯುತ್ತದೆ, ಆಸೆಯೂ ಮುಗಿಯುತ್ತದೆ.

ನಾವು ಈಗ ಹಿಡಿದಿರುವುದು ನಾಲ್ಕನೆಯ ದಾರಿ. ಹೋದ ವರ್ಷ ಲ್ಯಾಬಿನಲ್ಲಿ ಮಾಡಿ ಇಟ್ಟ ಭ್ರೂಣಗಳಲ್ಲಿ ಒಂದನ್ನು ಆಗಲೇ ಹಾಕಿದ್ದರು, ಅದು ನಿಲ್ಲದೆ ಹೋಯಿತಲ್ಲ, ಇನ್ನೊಂದನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದಾರೆ. ಉಳಿದಿರುವುದು ಅದೊಂದೇ. ಅದನ್ನು ಒಳಗಿಡುವ ಮುಂಚೆ ಮೂರು ಇಂಜೆಕ್ಷನ್ ಕೊಟ್ಟು ಮುಟ್ಟನ್ನೇ ಕೆಲವು ತಿಂಗಳು ನಿಲ್ಲಿಸಿ, ಊದಿದ ಗೋಡೆಗೆ ವಿಶ್ರಾಂತಿ ಕೊಟ್ಟರೆ ಅನುಕೂಲ ಆಗುತ್ತದಾ ಅಂತ ಆಸ್ಪತ್ರೆಯವರು ಅಧ್ಯಯನ ಮಾಡುತ್ತಿದ್ದಾರೆ. ಅರ್ಧ ಜನರಿಗೆ ಮೊದಲು ಇಂಜೆಕ್ಷನ್, ಇನ್ನರ್ಧ ಜನರಿಗೆ ನೇರವಾಗಿ ಭ್ರೂಣ. ಯಾರಿಗೆ ಯಾವುದು ಅನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತದೆ. "ಏನ್ರೀ ಇದು, ಲಾಟರಿನಾ?" ಅಂತ ನಿಮ್ಮ ಮಗ ಸಿಟ್ಟಾದರು. "ನಿಮ್ಮನ್ನು ಮದುವೆಯಾಗಿದ್ದೂ ಅದೇ ಧೈರ್ಯದ ಮೇಲೆ" ಅಂತ ಅವರಿಗೆ ಅಂದೆ. ಡಾಕ್ಟರಮ್ಮ ನಕ್ಕರು. ಇದುವರೆಗೆ ನಡೆದ ಕೆಲವು ಅಧ್ಯಯನಗಳಲ್ಲಿ ಪ್ರಯೋಜನ ಕಂಡಿದೆ, ಕೆಲವುಗಳಲ್ಲಿ ಏನೂ ವ್ಯತ್ಯಾಸ ಕಂಡಿಲ್ಲ, ಅದಕ್ಕೇ ಕೇಳುತ್ತಿದ್ದೇವೆ ಅಂದರು. ಗೊತ್ತಿಲ್ಲ ಅನ್ನುವುದನ್ನು ಇಷ್ಟು ಚೆನ್ನಾಗಿ ಹೇಳುವ ಡಾಕ್ಟರನ್ನು ನಾನು ಮೊದಲ ಸಲ ನೋಡಿದೆ. ಅಲ್ಲೇ ಒಪ್ಪಿಕೊಂಡೆ. ನನ್ನ ಪಾಲಿಗೆ ಇಂಜೆಕ್ಷನ್ ಬಂತು. ನಿಮಗೆ ಐವತ್ತು ದಾಟಿದ ಮೇಲೆ ಬಂದ ಬಿಸಿ, ಬೆವರು ನನಗೆ ಈಗಲೇ ಬಂದಿದೆ. ನಾನು ಕಿಟಕಿ ತೆಗೆಯುವುದು, ನಿಮ್ಮ ಮಗ ಹೊದ್ದುಕೊಂಡು ಗೊಣಗುವುದು, ಇದು ನಮ್ಮ ಸಂಸಾರ ಸದ್ಯಕ್ಕೆ.

ಮೊನ್ನೆ ನಿಮ್ಮ ಮಗ ಒಂದು ಒಳ್ಳೆಯ ಮಾತು ಹೇಳಿದರು, ಅಪರೂಪಕ್ಕೆ. ನಿನ್ನದು ನಿಂತಿರುವುದಲ್ಲ ಕಣೇ, ನಿಲ್ಲಿಸಿರುವುದು ಅಂದರು. ಲಿಫ್ಟ್ ತಾನಾಗಿ ನಿಂತರೆ ಜನ ಕಿರುಚುತ್ತಾರೆ. ನಾವೇ ನಿಲ್ಲಿಸಿ ಬೋರ್ಡು ತೂಗುಹಾಕಿದರೆ, ಕೆಲಸ ನಡೀತಿದೆ ಅಂತ ಮೆಟ್ಟಿಲು ಹತ್ತಿ ಹೋಗುತ್ತಾರೆ. ನಾನು ಆ ದಿನ ಫೋನಿನಲ್ಲಿ ಹೇಳಬೇಕಾಗಿದ್ದ ಮಾತು ಅದು. ಅತ್ತೆ, ನಿಲ್ಲಿಸಿದ್ದಾರೆ. ಕೆಲಸ ನಡೆಯುತ್ತಿದೆ.

ಡಾಕ್ಟರಮ್ಮನ ಹತ್ತಿರ ನಿಮ್ಮ ವಿಷಯವನ್ನೂ ಕೇಳಿದೆ, ಬೈಯಬೇಡಿ. ನಿಮ್ಮ ಕಥೆ ನೀವು ಒಂದೇ ಒಂದು ಸಲ ಹೇಳಿದ್ದೀರಿ. ನಮ್ಮ ಎರಡನೆಯದು ಹೋದ ದಿನ ನಿಮ್ಮ ಹಳೆಯ ಬಿಸಿನೀರಿನ ಚೀಲ ತಂದು ನನ್ನ ಹೊಟ್ಟೆಯ ಮೇಲಿಟ್ಟು, ಮಂಚದ ತುದಿಯಲ್ಲಿ ಕೂತು, ಗೋಡೆ ನೋಡುತ್ತಾ ಹೇಳಿದಿರಿ. ತಿಂಗಳಿಗೆ ನಾಲ್ಕು ದಿನ ಅದೇ ಚೀಲವನ್ನು ಸೀರೆಯೊಳಗೆ ಸಿಕ್ಕಿಸಿ, ಕುರ್ಚಿಯನ್ನು ಸ್ವಿಚ್‌ಬೋರ್ಡಿಗೆ ಒತ್ತಿ ಕೂತು ಕೆಲಸ ಮಾಡುತ್ತಿದ್ದಿರಂತೆ. ಆ ದಿನಗಳಲ್ಲಿ ದನಿ ಗಡುಸಾಗುತ್ತಿತ್ತು, ಜೊತೆಯವರೆಲ್ಲ ನಿಮಗೆ ಸಿಡುಕಿ ಅಂತ ಹೆಸರಿಟ್ಟಿದ್ದರು. ಮಕ್ಕಳಿಬ್ಬರು ಆದ ಮೇಲೆ ಗರ್ಭಕೋಶ ತೆಗೆದರು. ಡಾಕ್ಟರು ಕಾರಿಡಾರಿನಲ್ಲಿ ಮಾವನವರಿಗೆ "ದಪ್ಪ ಆಗಿತ್ತು, ತೆಗೆದಿದ್ದೀವಿ" ಅಂದರಂತೆ, ಮಾವನವರು ನಿಮಗೆ "ಏನೋ ಹೆಂಗಸರ ತೊಂದರೆಯಂತೆ" ಅಂದರಂತೆ, ಅಲ್ಲಿಗೆ ಮುಗಿಯಿತು. "ಏನಾಗಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ ಮಗೂ, ನೋವು ನನ್ನದು, ಹೆಸರು ಮಾತ್ರ ನನಗೆ ಯಾರೂ ಹೇಳಲಿಲ್ಲ" ಅಂದಿರಿ. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿದೆ. ಡಾಕ್ಟರಮ್ಮ, ತೆಗೆದದ್ದನ್ನು ನೋಡದೆ ಏನೂ ಹೇಳಲಾರೆ ಅಂದರು. ಆದರೆ ಆ ಕಾಲದಲ್ಲಿ ಈ ಕಾಯಿಲೆ ಗೊತ್ತಾಗುತ್ತಿದ್ದದ್ದೇ ಹೆಚ್ಚಾಗಿ ಗರ್ಭಕೋಶ ತೆಗೆದು ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗಂತೆ. ಮೈಯೊಳಗೆ ಇರುವಾಗಲೇ ಸ್ಕ್ಯಾನಿನಲ್ಲಿ ಗುರುತು ಹಿಡಿಯುವುದು ಈಚಿನದು. ನಿಮ್ಮದೂ ಇದೇ ಇದ್ದಿರಬಹುದು, ಇಲ್ಲದೆಯೂ ಇರಬಹುದು. ಅತ್ತೆ ಸೊಸೆಯದು ರಕ್ತಸಂಬಂಧವಲ್ಲ ಅನ್ನುತ್ತಾರೆ. ನಾವಿಬ್ಬರೂ ಸುರಿಸಿದ ರಕ್ತದ ಲೆಕ್ಕ ಅವರಿಗೇನು ಗೊತ್ತು. ನಾನು ಅಧ್ಯಯನಕ್ಕೆ ಒಪ್ಪಿಕೊಂಡದ್ದು ಮಗುವಿನ ಆಸೆಗೆ, ಸುಳ್ಳು ಹೇಳುವುದಿಲ್ಲ. ಆದರೆ ನನ್ನದರಿಂದ ಒಂದು "ಹೌದು" ಅಥವಾ ಒಂದು "ಇಲ್ಲ"ವಾದರೂ ಯಾರಿಗೋ ಗೊತ್ತಾಗಲಿ, ಕಾರಿಡಾರಿನಲ್ಲಿ ಮುಗಿದುಹೋಗುವುದು ಬೇಡ ಅಂತಲೂ ಅನ್ನಿಸಿತು.

ಒಂದು ಉಪಕಾರ ಮಾಡಬೇಕು. ಟೀಚರಮ್ಮನಿಗೆ ನೀವೇ ಫೋನ್ ಮಾಡಿ ವಿಷಯ ಹೇಳಿ. ಅವರು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ನನಗೆ ಕಳ್ಳತನ ಮಾಡಿದ ಹಾಗಾಗುತ್ತದೆ. ಹೇಳುವಾಗ ಹೆಂಗಸರ ತೊಂದರೆ ಅನ್ನಬೇಡಿ. ಹೆಸರು ಹಿಡಿದು ಹೇಳಿ, ಅಡಿನೋಮಯೋಸಿಸ್ ಅಂತ. ನಿಮ್ಮ ಎಕ್ಸ್‌ಚೇಂಜಿನ ದನಿಯಲ್ಲಿ ಹೇಳಿದರೆ ಯಾರೂ ಎರಡನೇ ಸಲ ಕೇಳುವುದಿಲ್ಲ.

ನಾದಿನಿಗೆ ನನ್ನ ಪ್ರೀತಿ ಹೇಳಿ. ನನಗೆ ಅವಳ ಮೇಲೆ ಬೇಜಾರಿಲ್ಲ, ಸುದ್ದಿ ಕೇಳಿ ಅವಳೂ ಅತ್ತಳಂತೆ. ಮಗುವಿಗೆ ಯಾರ ಮೂಗೇ ಇರಲಿ, ಅದರ ತುದಿಗೆ ನನ್ನದೊಂದು ಮುತ್ತು. ನೀವು ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ, ಕಿವಿಗೆ ಮಷೀನು ಹಾಕಿಕೊಳ್ಳಿ, ಮೇಲೂ ಕೆಳಗೂ ಓಡಾಡಬೇಡಿ. ನಿಮ್ಮ ಆಶೀರ್ವಾದ ಎಂದಿನಂತೆ ಇರಲಿ, ಬಸುರಿ ಅಂತ ಹೆಚ್ಚಿಗೆ ಕೊಟ್ಟಿದ್ದರೆ ಅದನ್ನೇನೂ ವಾಪಸ್ ತೆಗೆದುಕೊಳ್ಳಬೇಡಿ.

ನಿಮ್ಮ ಮೇಲೆ ಜೀವ ಇಟ್ಟಿರುವ,
ಸೊಸೆ

ಮರೆತ ಮಾತು: ನಿಮ್ಮ ಮಗ ಅಂಚೆಪೆಟ್ಟಿಗೆಗೆ ಹಾಕಲು ಚಪ್ಪಲಿ ಮೆಟ್ಟಿ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮೂರನೇ ಇಂಜೆಕ್ಷನ್ ಮೊನ್ನೆ ಆಯಿತು. ಮುಂದಿನ ತಿಂಗಳ ಕೊನೆಗೆ ಆ ಉಳಿದ ಒಂದನ್ನು ಒಳಗಿಡುತ್ತಾರೆ. ಅದು ನಿಲ್ಲದಿದ್ದರೆ ನಾನು ಇನ್ನೊಂದು ಸಲ ಮೊದಲಿನಿಂದ ಶುರು ಮಾಡುವುದಿಲ್ಲ ಅತ್ತೆ. ಗರ್ಭಕೋಶ ತೆಗೆಸಿಬಿಡುತ್ತೇನೆ. ಈ ಕೆಲವು ವಾರ ನೋವಿಲ್ಲದ ಮೈ ಹೇಗಿರುತ್ತದೆ ಅಂತ ನೋಡಿಬಿಟ್ಟೆ, ಇನ್ನು ಹಳೆಯದಕ್ಕೆ ಹೋಗಲಾರೆ. ನಿಮ್ಮ ಮಗ ಆಯಿತು ಅಂದರು, ಅಮ್ಮನಿಗೆ ನೀನೇ ಹೇಳು ಅಂದರು. ಹೇಳಿದ್ದೇನೆ. ಮೊಮ್ಮಗು ಕೊಡಲಾಗದಿದ್ದರೆ ನಿಮಗೆ ದುಃಖವಾಗುತ್ತದೆ, ನನಗೆ ನಿಮಗಿಂತ ಹೆಚ್ಚು ಆಗುತ್ತದೆ. ಆದರೆ ನೀವು ಒಬ್ಬರೇ ಕಾರಿಡಾರಿನ ಆಚೆ ಮಲಗಿದ್ದ ಹಾಗೆ ನಾನು ಮಲಗುವುದಿಲ್ಲ. ಕುಲಾವಿಯನ್ನು ಬಿಚ್ಚಬೇಡಿ, ನಾದಿನಿಯ ಮಗುವಿಗೆ ಹಾಕಿ. ಬಿಸಿನೀರಿನ ಚೀಲಕ್ಕೆ ಹೊಸ ಕವರು ಹೊಲಿದಿದ್ದೇನೆ, ಅಸ್ತರು ಹಾಕಿ. ಅದನ್ನು ನಿಮ್ಮ ದಿಂಬಿನ ಮೇಲೆ ಇಟ್ಟಿದ್ದೇನೆ. ಮುಂದಿನ ತಿಂಗಳ ಕೊನೆಗೆ ಬನ್ನಿ. ಅದು ನಿಂತರೂ ಬನ್ನಿ, ನಿಲ್ಲದಿದ್ದರೂ ಬನ್ನಿ. ಬಂದು, ನಾಲ್ಕು ದಿನ ನನ್ನ ಹತ್ತಿರ ನಿಲ್ಲಿ.